ಹೆಸರು ತಪ್ಪಿದ ಅಕ್ಷರ

ಹಳಗನ್ನಡ ಕಾವ್ಯಗಳನ್ನು ಓದಿದವರಿಗೆ ‘ೞ’ ಅಪರಿಚಿತವಲ್ಲ. ಇಂದಿನ ಏಳು, ಬಾಳೆ, ಕೋಳಿಗಳು ಒಂದು ಕಾಲದಲ್ಲಿ ಏೞು, ಬಾೞೆ, ಕೋೞಿಗಳಾಗಿದ್ದವು. ಕನ್ನಡಿಗರ ನಾಲಗೆಯಿಂದ ಅದು ಜಾರಿ ಶತಮಾನಗಳೇ ಸಂದಿವೆ. ತಮಿಳಿನಲ್ಲಿಯೂ ಮಲಯಾಳದಲ್ಲಿಯೂ ಅದರ ಒಡಹುಟ್ಟುಗಳು ಇನ್ನೂ ಬಾಳುತ್ತಿವೆ. ಈ ಹಿರಿಯ ಅಕ್ಷರಕ್ಕೆ ಗಣಕಯುಗದಲ್ಲಿ ಆದ ನಾಮಕರಣದ ಕಥೆ ವಿಚಿತ್ರವಾದುದು.

ಗಣಕಕ್ಕೆ ಅಕ್ಷರ ತಿಳಿಯದು, ಅಂಕೆ ಮಾತ್ರ ತಿಳಿಯುತ್ತದೆ. ಆದ್ದರಿಂದ ಪ್ರತಿ ಅಕ್ಷರಕ್ಕೂ ಒಂದು ಅಂಕೆಯನ್ನು ಗೊತ್ತುಮಾಡಬೇಕು. ಆ ಗೊತ್ತುವಳಿ ಎಲ್ಲರಿಗೂ ಒಂದೇ ಆಗಿರಬೇಕು. ಇಲ್ಲವಾದರೆ ಒಂದು ಯಂತ್ರದಲ್ಲಿ ಬರೆದುದನ್ನು ಇನ್ನೊಂದರಲ್ಲಿ ಓದುವಂತಿಲ್ಲ. ಭಾರತೀಯ ಲಿಪಿಗಳಿಗಾಗಿ ಭಾರತೀಯ ಮಾನಕ ಸಂಸ್ಥೆ 1991ರಲ್ಲಿ ‘ಇಸ್ಕಿ’ ಎಂಬ ಮಾನಕವನ್ನು ಹೊರತಂದಿತು. ಅದೇ ವರ್ಷ ಜಗತ್ತಿನ ಲಿಪಿಗಳನ್ನೆಲ್ಲ ಒಂದೇ ಪಟ್ಟಿಗೆ ತರುವ ಉದ್ದೇಶದಿಂದ ಕ್ಯಾಲಿಫೋರ್ನಿಯದಲ್ಲಿ ಯೂನಿಕೋಡ್ ಒಕ್ಕೂಟ ಸ್ಥಾಪನೆಯಾಯಿತು. ಅದು ಇಸ್ಕಿಯ 1988ರ ರೂಪವನ್ನೇ ಆಧಾರವಾಗಿಟ್ಟುಕೊಂಡು ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿರಿಸಿತು. ‘ೞ’ಕಾರಕ್ಕೆ ದೊರೆತ ಅಂಕೆ 3294. ಆಕಾರದಲ್ಲಿ ಕುಂದಿಲ್ಲ, ಆದರೆ ಪಟ್ಟಿಯಲ್ಲಿ ಬರೆದ ಇಂಗ್ಲಿಷ್ ಹೆಸರು ‘ಕನ್ನಡ ಲೆಟರ್ ಫ’! ಳಕಾರದ ಬಂಧುವಿಗೂ ಫಕಾರಕ್ಕೂ ಎತ್ತಣ ನಂಟು?

ತಿದ್ದಬಾರದೆ ಎಂದು ವಾಚಕರು ಕೇಳಬಹುದು. ಮಾನಕಗಳ ಸ್ವಭಾವ ತಿಳಿಯುವುದು ಇಲ್ಲಿಯೇ. ಹೊಸ ಅಕ್ಷರವೊಂದು ಪಟ್ಟಿಗೆ ಸೇರಬೇಕಾದರೆ ಬಳಕೆಯ ನಿದರ್ಶನಗಳೊಡನೆ ಮನವಿ ಸಲ್ಲಬೇಕು. ಒಕ್ಕೂಟದ ತಾಂತ್ರಿಕ ಸಮಿತಿ ಅದನ್ನು ಒಪ್ಪಬೇಕು. ಜಿನೀವದ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಪಟ್ಟಿಯೂ ಇದಕ್ಕೆ ಸಮನಾಗಿ ನಡೆಯುವುದರಿಂದ ಅಲ್ಲಿ ಸದಸ್ಯ ರಾಷ್ಟ್ರಗಳು ಮತ ನೀಡಬೇಕು. ಇಷ್ಟೆಲ್ಲ ಕಳೆದು ಪ್ರಕಟವಾದ ಮೇಲೆ ಅಂಕೆಯೂ ಹೆಸರೂ ಕದಲುವಂತಿಲ್ಲ. 1996ರ ಎರಡನೆಯ ಆವೃತ್ತಿಯಿಂದ ಹೆಸರುಗಳಿಗೆ ಈ ಕಟ್ಟು ಅನ್ವಯಿಸುತ್ತದೆ. ಇದು ಬರಿಯ ಹಟವಲ್ಲ: ಆ ಹೆಸರುಗಳನ್ನು ನಂಬಿ ಎಷ್ಟೋ ಯಂತ್ರಗಳು ಕೆಲಸ ನಡೆಸುತ್ತಿರುತ್ತವೆ, ಇಂದು ಒಂದನ್ನು ತಿದ್ದಿದರೆ ನಾಳೆ ಯಾವುದನ್ನೂ ನಂಬುವಂತಿಲ್ಲ.

ಸೇರಿಸುವುದಕ್ಕೆ ಅಡ್ಡಿಯಿಲ್ಲ; 2003ರಲ್ಲಿ ಕನ್ನಡದ ಅವಗ್ರಹ ಚಿಹ್ನೆ ಸೇರಿತು. ಅಳಿಸುವುದಕ್ಕೆ ಮಾತ್ರ ಆಸ್ಪದವಿಲ್ಲ. ಆದ್ದರಿಂದ ಒಕ್ಕೂಟ ತಪ್ಪನ್ನು ಒಪ್ಪಿಕೊಂಡು ‘ೞ’ಕಾರಕ್ಕೆ ಸರಿಯಾದ ಇನ್ನೊಂದು ಹೆಸರನ್ನು ಪಕ್ಕದಲ್ಲಿ ಬರೆಯಿತು, ಹಳೆಯ ಹೆಸರು ಇದ್ದಲ್ಲಿಯೇ ಇದೆ.

ಪುಸ್ತಕದ ತಪ್ಪು ಎರಡನೆಯ ಮುದ್ರಣದಲ್ಲಿ ತಿದ್ದೀತು. ಮಾನಕಕ್ಕೆ ಆ ಸೌಕರ್ಯವಿಲ್ಲ. ಅಚ್ಚಾದ ಮೇಲೆ ಪಂಡಿತರು ಎತ್ತುವ ಆಕ್ಷೇಪದಿಂದ ಪ್ರಯೋಜನ ಸ್ವಲ್ಪ. ಕರಡು ಹರಿದಾಡುತ್ತಿರುವಾಗಲೇ ಭಾಷೆ ಬಲ್ಲವರು ಆ ಮೇಜಿನ ಬಳಿ ಇರಬೇಕು.