ಶುಶ್ರೂಷೆ ಮತ್ತು ರೋಗಿಯ ಲೈಂಗಿಕ ಆರೋಗ್ಯ

ಕಾಯಿಲೆ, ಶಸ್ತ್ರಚಿಕಿತ್ಸೆ ಅಥವಾ ಔಷಧಿಯಿಂದ ರೋಗಿಯ ಲೈಂಗಿಕ ಜೀವನದಲ್ಲಿ ಉಂಟಾಗುವ ತೊಂದರೆಗಳನ್ನೂ ಅಂಜಿಕೆಗಳನ್ನೂ ಕೇಳಿ ತಿಳಿದು, ಸರಿಯಾದ ಮಾಹಿತಿ ಕೊಟ್ಟು, ಅಗತ್ಯವಿದ್ದರೆ ತಜ್ಞರ ಬಳಿ ಕಳಿಸುವುದು ನರ್ಸ್‌ಗಳ ಕೆಲಸದ ಒಂದು ಭಾಗ. ಮಧುಮೇಹ, ಹೃದಯಾಘಾತ, ಗರ್ಭಕಂಠದ ಕ್ಯಾನ್ಸರ್, ಬೆನ್ನುಹುರಿಯ ಪೆಟ್ಟು, ಹೆರಿಗೆ, ಮುಟ್ಟು ನಿಲ್ಲುವ ಕಾಲ ಇವೆಲ್ಲ ಇಂಥ ಪ್ರಶ್ನೆಗಳನ್ನು ಎಬ್ಬಿಸುತ್ತವೆ.

ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ಕ್ರಮ, ಅಮೆರಿಕದ ಮನಶ್ಶಾಸ್ತ್ರಜ್ಞ ಜ್ಯಾಕ್ ಆ್ಯನನ್ 1970ರ ದಶಕದಲ್ಲಿ ರೂಪಿಸಿದ ‘ಪ್ಲಿಸಿಟ್’ ಮಾದರಿ. ಅನುಮತಿ, ಸೀಮಿತ ಮಾಹಿತಿ, ನಿರ್ದಿಷ್ಟ ಸಲಹೆ, ತೀವ್ರ ಚಿಕಿತ್ಸೆ ಎಂಬ ನಾಲ್ಕು ಹಂತಗಳು ಇದರಲ್ಲಿವೆ. ಪ್ರತಿ ಹಂತದಲ್ಲೂ ಅನುಮತಿ ಇರಬೇಕೆಂದು ಬ್ರಿಟನ್ನಿನ ಬ್ರಿಜೆಟ್ ಟೇಲರ್ ಮತ್ತು ಸ್ಯಾಲಿ ಡೇವಿಸ್ 2006ರಲ್ಲಿ ಇದನ್ನು ವಿಸ್ತರಿಸಿದರು. ಕೊನೆಯ ಹಂತ ತಜ್ಞರದು. ಮೊದಲೆರಡು ಯಾವ ವಾರ್ಡಿನ ನರ್ಸ್‌ಗೂ ಸಾಧ್ಯ.

ಅನುಮತಿ ಎಂದರೆ ಇಲ್ಲಿ ಮಾತಿಗೆ ದಾರಿ ಮಾಡಿಕೊಡುವುದು. ಡಿಸ್ಚಾರ್ಜ್ ಚೀಟಿ ಹಿಡಿದು ನಿಂತ ರೋಗಿ “ಸಿಸ್ಟರ್, ಇನ್ನು ಎಲ್ಲಾ ಮೊದಲಿನ ಹಾಗೇ ಇರಬಹುದಾ?” ಎಂದಾಗ ಆ ‘ಎಲ್ಲಾ’ದೊಳಗೆ ಏನಿದೆ ಎಂದು ಗುರುತಿಸಬೇಕು. ಪಕ್ಕದಲ್ಲಿ ಅತ್ತೆಯೋ ಮಗನೋ ಇದ್ದರೆ ರೋಗಿ ಬಾಯಿ ಬಿಡುವುದಿಲ್ಲ. ಪರದೆ ಎಳೆದರೆ ಸಾಲದು, ಬೇರೆ ಕೋಣೆ ಬೇಕು. “ಈ ಆಪರೇಷನ್ ಆದ ಬಹಳ ಜನ ಗಂಡ-ಹೆಂಡತಿ ಸೇರೋದರ ಬಗ್ಗೆ ಕೇಳ್ತಾರೆ, ನಿಮಗೇನಾದ್ರೂ ಕೇಳಬೇಕು ಅನ್ಸುತ್ತಾ?” ಎಂದು ನರ್ಸೇ ಮೊದಲು ಮಾತೆತ್ತಿದರೆ ರೋಗಿಯ ಸಂಕೋಚ ಅರ್ಧ ಇಳಿಯುತ್ತದೆ. ಮದುವೆಯಾಗದವರು, ಸಂಗಾತಿಯನ್ನು ಕಳೆದುಕೊಂಡವರು, ಲೈಂಗಿಕ ಅಲ್ಪಸಂಖ್ಯಾತರು, ಅರವತ್ತು ದಾಟಿದವರು ಇವರಿಗೆ ಇಂಥ ಪ್ರಶ್ನೆಗಳೇ ಇರುವುದಿಲ್ಲ ಎಂದುಕೊಳ್ಳುವುದು ದೊಡ್ಡ ತಪ್ಪು.

ಮಾಹಿತಿ ಸರಳವಾಗಿದ್ದರೂ ಜೀವ ಉಳಿಸಬಲ್ಲದು. ಹೃದಯಾಘಾತದಿಂದ ಚೇತರಿಸಿಕೊಂಡವರು ಎರಡು ಅಂತಸ್ತಿನ ಮೆಟ್ಟಿಲನ್ನು ಎದೆನೋವು, ಏದುಸಿರು ಇಲ್ಲದೆ ಚುರುಕಾಗಿ ಹತ್ತಬಲ್ಲರಾದರೆ ಸಾಮಾನ್ಯವಾಗಿ ಲೈಂಗಿಕ ಕ್ರಿಯೆಯ ಶ್ರಮವನ್ನೂ ತಾಳಬಲ್ಲರು. ಆದರೆ ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ನಿಮಿರುವಿಕೆಯ ತೊಂದರೆಗೆ ಬಳಸುವ ಸಿಲ್ಡೆನಾಫಿಲ್ (ವಯಾಗ್ರ) ಸೇವಿಸಿದರೆ ರಕ್ತದೊತ್ತಡ ಅಪಾಯಕರವಾಗಿ ಕುಸಿಯುತ್ತದೆ. ನಾಚಿಕೆಯಿಂದ ಔಷಧಿ ಅಂಗಡಿಯಲ್ಲಿ ಗುಟ್ಟಾಗಿ ಮಾತ್ರೆ ಕೊಳ್ಳುವವರಿಗೆ ಇದನ್ನು ಯಾರಾದರೂ ಹೇಳಲೇಬೇಕು. ಕೆಲವು ಖಿನ್ನತೆಯ ಔಷಧಿಗಳು ಲೈಂಗಿಕ ಆಸಕ್ತಿ ತಗ್ಗಿಸುತ್ತವೆ. ವೈದ್ಯರನ್ನು ಕೇಳದೆ ಅವನ್ನು ತಾವಾಗಿಯೇ ನಿಲ್ಲಿಸಬಾರದೆಂದು ತಿಳಿಸಬೇಕು. ವಿಕಿರಣ ಚಿಕಿತ್ಸೆಯ ಬಳಿಕ ಯೋನಿ ಒಣಗಿ ನೋಯುವ ಮಹಿಳೆಯರಿಗೆ ನೀರು ಆಧಾರಿತ ಜಾರುಕ ದ್ರವ ನೆರವಾಗುತ್ತದೆ. ವೀರ್ಯ ಹೋದರೆ ಶಕ್ತಿ ಕುಂದುತ್ತದೆ ಎಂಬ ‘ಧಾತು ನಷ್ಟ’ದ ಭಯಕ್ಕೆ ಹೆಚ್ಚಾಗಿ ಬೇಕಿರುವುದು ಟಾನಿಕ್ ಅಲ್ಲ, ತಾಳ್ಮೆಯ ವಿವರಣೆ.

ರೋಗಿ ಹೇಳಿಕೊಂಡದ್ದನ್ನು ಗುಟ್ಟಾಗಿಡುವುದೂ ನರ್ಸ್‌ನ ಹೊಣೆ. ಭಾರತದಲ್ಲಿ ಎಚ್‌ಐವಿ ಸೋಂಕಿತರ ಗೌಪ್ಯತೆಗೆ 2017ರ ಕಾಯ್ದೆಯ ರಕ್ಷಣೆಯಿದೆ. 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ ಮಾತ್ರ ಗುಟ್ಟು ಕಾಯುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಎಚ್‌ಐವಿ ಕುರಿತ ಪ್ರಶ್ನೆಗಳಿಗೆ 1097 ಉಚಿತ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ.