ಪುರದ ಒಲೆಯಿಂದ ಶೇಷಾದ್ರಿಪುರಂ ಗೀಸರ್‌ವರೆಗೆ

ಶೇಷಾದ್ರಿಪುರಂ ಬಡಾವಣೆಗೆ ಹೆಸರು ಬಂದದ್ದು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರಿಂದ. ಶಿವನಸಮುದ್ರದ ಜಲವಿದ್ಯುತ್ ಯೋಜನೆಯ ಬೆನ್ನಿಗೆ ನಿಂತವರೂ ಅವರೇ. 1902ರಲ್ಲಿ ಅಲ್ಲಿನ ಕರೆಂಟು ಕೋಲಾರದ ಚಿನ್ನದ ಗಣಿ ಮುಟ್ಟಿತು, 1905ರಲ್ಲಿ ಬೆಂಗಳೂರಿಗೆ ಬಂತು. ವಿದ್ಯುತ್ತನ್ನು ದೂರದಿಂದ ತರುವುದರಲ್ಲಿ ಮೈಸೂರು ಸಂಸ್ಥಾನ ಅಷ್ಟು ಮುಂದಿತ್ತು. ತಂದ ವಿದ್ಯುತ್ತು ಒಂದು ಮನೆಯೊಳಗೆ ಎಲ್ಲೆಲ್ಲಿ ಖರ್ಚಾಗುತ್ತದೆ, ಎಲ್ಲಿ ಪೋಲಾಗುತ್ತದೆ ಎಂದು ನೋಡುವ ಎನರ್ಜಿ ಆಡಿಟ್ ಮಾತ್ರ ನೂರು ವರ್ಷ ಕಳೆದರೂ ಇಲ್ಲಿನ ಮನೆಗಳಿಗೆ ಅಪರಿಚಿತವಾಗಿಯೇ ಇದೆ.

ಈ ವಿದ್ಯೆಗೆ ಜಗತ್ತಿನಲ್ಲಿ ಬೆಲೆ ಬಂದದ್ದು 1973ರ ತೈಲ ಬಿಕ್ಕಟ್ಟಿನ ನಂತರ. ಚಳಿ ದೇಶಗಳಲ್ಲಿ ಅದು ನೇರವಾಗಿ ಮನೆ ಹೊಕ್ಕಿತು: ಬಿಸಿ ಗಾಳಿ ಎಲ್ಲಿ ಸೋರುತ್ತದೆ ಎಂಬುದೇ ಅಲ್ಲಿನ ಮೊದಲ ಪ್ರಶ್ನೆ. ನಮ್ಮಲ್ಲಿ ಅದು ಕಾರ್ಖಾನೆಯ ಬಾಯ್ಲರು, ಕುಲುಮೆಗಳ ಕಡೆ ತಿರುಗಿತು. 1978ರಲ್ಲಿ ಶುರುವಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಸ್ಥೆಯ ಚಿಂತೆ ಮುಖ್ಯವಾಗಿ ತೈಲದ್ದು.

ಕರ್ನಾಟಕದ ದಾರಿ ಬೇರೆಯಾದದ್ದು ಅಮೂಲ್ಯ ಕೆ.ಎನ್. ರೆಡ್ಡಿ ಅವರಿಂದ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದ ಅವರು, ಸಂಗಡಿಗರೊಂದಿಗೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಮನೆಮನೆಯ ಲೆಕ್ಕ ಬರೆದರು. ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಎತ್ತಿನ ದುಡಿಮೆ ಎಷ್ಟು ಹೊತ್ತು, ನೀರು ಸೌದೆ ಹೊರಲು ಹೆಂಗಸರು ಮಕ್ಕಳು ನಡೆದದ್ದು ಎಷ್ಟು, ಎಲ್ಲವೂ ಆ ಲೆಕ್ಕದಲ್ಲಿತ್ತು. ಊರಿನ ಶಕ್ತಿಯ ಬಹುಪಾಲು ಸೌದೆಯದು, ಅದೂ ಒಲೆಗೆ. ಕರೆಂಟಿನ ಪಾಲು ತೀರಾ ಅಲ್ಪ. ಹಳ್ಳಿಗೆ ತಂತಿ ಎಳೆದರೆ ಶಕ್ತಿಯ ಸಮಸ್ಯೆ ತೀರಿತು ಎನ್ನುವವರಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಿರಲಿಲ್ಲ. ಸೌದೆ ಉಳಿಸಿ ಹೊಗೆ ತಪ್ಪಿಸುವ ಅಸ್ತ್ರ ಒಲೆಯೂ ಇದೇ ಕೇಂದ್ರದ ಕೊಡುಗೆ. ನನ್ನ ಮಟ್ಟಿಗೆ ಪುರದ ಸಮೀಕ್ಷೆಯೇ ಕನ್ನಡನಾಡಿನ ಮೊದಲ ನಿಜವಾದ ಎನರ್ಜಿ ಆಡಿಟ್. ಯಂತ್ರವನ್ನಲ್ಲ, ಬದುಕನ್ನು ಅಳೆದದ್ದು ಅದರ ಹಿರಿಮೆ.

1983ರಲ್ಲಿ ರೆಡ್ಡಿ ಮತ್ತು ಬಿ. ಸುಧಾಕರ ರೆಡ್ಡಿ ಬೆಂಗಳೂರಿನ ಸೌದೆಯ ಬಗ್ಗೆಯೂ ಬರೆದರು. ಹಂಡೆಯಡಿ ಸೌದೆ ಉರಿಸಿ ನೀರು ಕಾಯಿಸುವುದು ಆಗ ಇಲ್ಲಿ ಅಪರೂಪವೇನಲ್ಲ. 1991ರಲ್ಲಿ ಅಮೂಲ್ಯ ರೆಡ್ಡಿ ಅವರ ತಂಡ ಕರ್ನಾಟಕಕ್ಕಾಗಿ 'ಡಿಫೆಂಡಸ್' ಎಂಬ ಮುನ್ನೋಟ ಮುಂದಿಟ್ಟಿತು. ಜನಕ್ಕೆ ಬೇಕಾದದ್ದು ಯೂನಿಟ್ ಅಲ್ಲ, ಬೆಳಕು, ಬಿಸಿನೀರು, ನೀರೆತ್ತುವ ಕೆಲಸ. ಅಲ್ಲಿಂದ ಲೆಕ್ಕ ಹಿಡಿದರೆ ಹೊಸ ವಿದ್ಯುತ್ ಸ್ಥಾವರಗಳ ಅಗತ್ಯ ಬಹಳ ತಗ್ಗುತ್ತದೆ ಎಂಬುದು ಅದರ ವಾದ.

ಕಾನೂನು ಬಂದದ್ದು ಆಮೇಲೆ. 2001ರ ಇಂಧನ ಸಂರಕ್ಷಣಾ ಕಾಯ್ದೆ, 2002ರಲ್ಲಿ ಕೇಂದ್ರದ ಇಂಧನ ದಕ್ಷತಾ ಬ್ಯೂರೋ (ಬಿಇಇ), ಪರೀಕ್ಷೆ ಬರೆದು ಪಾಸಾದ ಆಡಿಟರುಗಳು. ರಾಜ್ಯದ ಹೊಣೆ ನವೀಕರಿಸಬಹುದಾದ ಇಂಧನದ ಸರ್ಕಾರಿ ಸಂಸ್ಥೆಯಾದ ಕ್ರೆಡಲ್‌ಗೆ ಬಂತು. ಸದಾಶಿವನಗರದ ಬಳಿಯ ವಿದ್ಯುತ್ ಸಂಶೋಧನಾ ಕೇಂದ್ರವಾದ ಸಿಪಿಆರ್‌ಐಯಂಥ ಸಂಸ್ಥೆಗಳು ಆಡಿಟ್ ಮಾಡುತ್ತವೆ. ಕಡ್ಡಾಯ ಮಾತ್ರ ಸಿಮೆಂಟು, ಉಕ್ಕು, ಗೊಬ್ಬರದಂಥ ದೊಡ್ಡ ಬಳಕೆದಾರರಿಗೆ. 2022ರ ತಿದ್ದುಪಡಿ ವಸತಿ ಕಟ್ಟಡಗಳನ್ನು ಒಳಗೆ ತಂದರೂ 100 ಕಿಲೋವ್ಯಾಟ್ ಲೋಡಿನ ಮಿತಿ ಇಟ್ಟಿತು. ಒಂಟಿ ಮನೆ ಆ ಲೆಕ್ಕಕ್ಕೇ ಬರುವುದಿಲ್ಲ.

ಮನೆಗಳಿಗೆ ಬಂದದ್ದು ಯೋಜನೆಗಳು: 2004ರಲ್ಲಿ ಬೆಸ್ಕಾಂನ ಸಿಎಫ್‌ಎಲ್ ಬಲ್ಬು, 2007ರಲ್ಲಿ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ, ಅದಕ್ಕೆ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆ ರಿಯಾಯಿತಿ, 2015ರಲ್ಲಿ 'ಹೊಸ ಬೆಳಕು' ಎಲ್‌ಇಡಿ. ಒಳ್ಳೆಯ ಕೆಲಸಗಳೇ. ಆದರೆ ನಾಡಿ ನೋಡದೆ ಎಲ್ಲರಿಗೂ ಒಂದೇ ಮಾತ್ರೆ ಕೊಟ್ಟ ಹಾಗಾಯಿತು.

ಶೇಷಾದ್ರಿಪುರದ ಮನೆಯ ನಾಡಿ ಬೇರೆ. ದಪ್ಪ ಗೋಡೆ, ಮಂಗಳೂರು ಹೆಂಚು, ಎತ್ತರದ ಕಿಂಡಿಗಳಿದ್ದ ಹಳೆಯ ಮನೆ ತಾನಾಗಿಯೇ ತಂಪು. ಅದನ್ನು ಕೆಡವಿ ಕಟ್ಟಿದ ಮೂರು ಮಹಡಿಯ ಕಾಂಕ್ರೀಟು ತಾರಸಿ ಏಪ್ರಿಲ್‌ನಲ್ಲಿ ರಾತ್ರಿಯೂ ಕಾದಿರುತ್ತದೆ, ಫ್ಯಾನು ನಿಲ್ಲುವುದಿಲ್ಲ. ಹಳೆಯ ಫ್ಯಾನು ಸುಮಾರು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಆದರೂ ಇಲ್ಲಿ ಆಡಿಟ್ ಶುರುವಾಗಬೇಕಾದದ್ದು ಬಚ್ಚಲಿನಲ್ಲಿ. ಗೀಸರಿನ 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 0.6 ಯೂನಿಟ್ ಬೇಕು. ದಿನಕ್ಕೆ ನಾಲ್ಕು ಸಲ ಕಾದರೆ ತಿಂಗಳಿಗೆ 70 ಯೂನಿಟ್ ದಾಟುತ್ತದೆ. ಅದರ ಜೊತೆಗೆ ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಪಂಪು. ಒಂದು ಎಚ್‌ಪಿಯದಾದರೆ ಓಡಿದ ಗಂಟೆಗೆ ಸುಮಾರು ಒಂದು ಯೂನಿಟ್. ಫುಟ್ ವಾಲ್ವ್ ಸೋರಿದರೆ ಅದು ಓಡುವ ಹೊತ್ತೇ ಹೆಚ್ಚುತ್ತದೆ.

2023ರ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಈ ಕಥೆಯ ಹೊಸ ತಿರುವು. ಶುರುವಿನಲ್ಲಿ 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಮನೆಗಳಿಗೆ ಒಂದೊಂದು ಉಚಿತ ಮಿತಿ ಗೊತ್ತಾಯಿತು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಬಡ ಮನೆಗಳಿಗೆ ಇದು ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸರ್ಕಾರದ ಬಳಿ ಈಗ ಮನೆಮನೆಯ ಸರಾಸರಿ ಇದ್ದೂ ಅದು ರಿಯಾಯಿತಿಯ ಲೆಕ್ಕಕ್ಕೆ ಮಾತ್ರ ಬಳಕೆಯಾಗುತ್ತಿರುವುದು ದೊಡ್ಡ ನಷ್ಟ.

ಬೆಸ್ಕಾಂ ಮೀಟರ್ ರೀಡರ್ ತಿಂಗಳಿಗೊಮ್ಮೆ ಪ್ರತಿ ಬಾಗಿಲಿಗೂ ಬರುತ್ತಾರೆ. ಬಳಕೆ ದಿಢೀರನೆ ಏರಿದ ಮನೆಗೆ ಉಪವಿಭಾಗದಿಂದ ತರಬೇತಾದ ಒಬ್ಬರು ಕ್ಲ್ಯಾಂಪ್ ಮೀಟರ್ ಹಿಡಿದು ಬಂದು ನೋಡುವಂತಾಗಬೇಕು. ಅಲ್ಲಿಯವರೆಗೆ ಓದುಗರೇ ಇಷ್ಟು ಮಾಡಬಹುದು: ಮನೆಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ತೆಗೆದು, ಮೀಟರಿನ ಕೆಂಪು ದೀಪ ನೋಡಿ. ಎಷ್ಟು ಮಿನುಗಿಗೆ ಒಂದು ಯೂನಿಟ್ ಎಂದು ಮೀಟರಿನ ಮೇಲೆಯೇ ಅಚ್ಚಾಗಿರುತ್ತದೆ. ಎಲ್ಲ ಆರಿಸಿದ ಮೇಲೂ ಅದು ಮಿನುಗುತ್ತಿದ್ದರೆ ಎಲೆಕ್ಟ್ರಿಷಿಯನ್‌ರನ್ನು ಕರೆಸಿ ವೈರಿಂಗ್ ತಪಾಸಣೆ ಮಾಡಿಸಿ.