ಒಂದು ಕೊಂಬೆ ಕಡಿದಿದ್ದಕ್ಕೆ ಕೋರ್ಟ್ ಕೇಸು!

🌳 ಮರಗಳ ಚರಿತ್ರೆ | ಭಾಗ 6

ಕಬ್ಬನ್ ಪಾರ್ಕಲ್ಲಿ ಕೊಡೆ ಬಿಚ್ಚಿದ ಹಾಗೆ ಹರಡಿಕೊಂಡಿರೋ ಮಳೆಮರ ನೋಡಿದೀರಲ್ವಾ? ಸಂಜೆಯಾದ್ರೆ ಎಲೆ ಮಡಚಿಕೊಳ್ಳುತ್ತೆ, ಹೂವು ಗುಲಾಬಿ ಬಣ್ಣದ ಕುಚ್ಚಿನ ಥರ. ಇದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಮರವನ್ನೂ ‘ಸ್ಮಾರಕ’ ಅಂತ ಕರೆಯೋ ಕತೆ ಶುರುವಾಗೋದು ಇದೇ ಜಾತಿಯ ಒಂದು ಮರದಿಂದ.

📍 1800, ವೆನೆಜುವೆಲಾ
ಪ್ರಶ್ಯದ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಅರಾಗ್ವಾ ಕಣಿವೆಯಲ್ಲಿ ಹೋಗ್ತಿದ್ದಾಗ ದೂರದಲ್ಲಿ ಗುಡ್ಡದ ಹಾಗೆ ಏನೋ ಕಾಣಿಸ್ತು. ಹತ್ತಿರ ಹೋದ್ರೆ ಒಂದೇ ಮರ! ಹೆಸರು ‘ಸಮಾನ್ ದೆ ಗ್ವೇರೆ’. ಆತ ಅಳತೆ ಬರೆದಿಟ್ಟ: ಎತ್ತರ ಬರೀ 60 ಅಡಿ, ಆದರೆ ಹರವಿನ ಸುತ್ತಳತೆ 576 ಅಡಿ. ಸುತ್ತಲಿನ ಹಳ್ಳಿಯವರಿಗೆ, ಅದರಲ್ಲೂ ಮೂಲನಿವಾಸಿಗಳಿಗೆ, ಆ ಮರದ ಮೇಲೆ ಭಕ್ತಿ.

ಅಲ್ಲಿ ಹಂಬೋಲ್ಟ್‌ಗೆ ಖುಷಿ ಕೊಟ್ಟ ಸುದ್ದಿ ಒಂದಿತ್ತು. ರೈತನೊಬ್ಬ ಒಂದು ಕೊಂಬೆ ಕಡಿದಿದ್ದ. ಮರದ ಒಡೆಯ ಅವನ ಮೇಲೆ ದಾವೆ ಹೂಡಿದ. ವಿಚಾರಣೆ ನಡೆದು, ರೈತ ತಪ್ಪಿತಸ್ಥ ಅಂತ ತೀರ್ಪಾಯ್ತು. ಈ ಘಟನೆ ಬರೆಯುವಾಗಲೇ ಹಂಬೋಲ್ಟ್ ಹಳೇ ಮರಗಳನ್ನ ‘ಪ್ರಕೃತಿಯ ಸ್ಮಾರಕಗಳು’ ಅಂತ ಕರೆದದ್ದು.

📍 ಪ್ರಶ್ಯ, ನೂರು ವರ್ಷ ಆದ್ಮೇಲೆ
ಆ ಮಾತನ್ನ ಸರ್ಕಾರಿ ಕೆಲಸವಾಗಿ ಮಾಡಿದ್ದು ಸಸ್ಯವಿಜ್ಞಾನಿ ಹ್ಯೂಗೋ ಕಾನ್ವೆಂಟ್ಸ್. 1900ರಲ್ಲಿ ಆತ ಪಶ್ಚಿಮ ಪ್ರಶ್ಯದ ವಿಶೇಷ ಮರಗಳ ಪಟ್ಟಿಯನ್ನೇ ಪುಸ್ತಕ ಮಾಡಿದ. 1906ರಲ್ಲಿ ನಿಸರ್ಗ ಸ್ಮಾರಕಗಳಿಗಾಗಿ ಸರ್ಕಾರಿ ಕಚೇರಿ ಶುರುವಾಯ್ತು, ಮುಖ್ಯಸ್ಥ ಆತನೇ. ಇವತ್ತಿಗೂ ಜರ್ಮನಿಯಲ್ಲಿ ಒಂದೇ ಒಂದು ಮರವನ್ನೂ ಕಾನೂನಿನ ಪ್ರಕಾರ ‘ನಿಸರ್ಗ ಸ್ಮಾರಕ’ ಅಂತ ಘೋಷಿಸಬಹುದು.

📍 ನಮ್ಮಲ್ಲಿ?
1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ತೆಗೆದು ನೋಡಿ. ಕನಿಷ್ಠ 100 ವರ್ಷ ಹಳೆಯ ಕಟ್ಟಡ, ಗುಹೆ, ಶಾಸನ, ಏಕಶಿಲೆ ಎಲ್ಲ ‘ಸ್ಮಾರಕ’ದ ಅರ್ಥದೊಳಗೆ ಬರುತ್ತೆ. ಮರದ ಹೆಸರೇ ಇಲ್ಲ! ಅಂದ್ರೆ ಮರದ ಬುಡದಲ್ಲಿರೋ ವೀರಗಲ್ಲು ಸ್ಮಾರಕ ಆಗಬಹುದು, ಅದಕ್ಕೆ ನೆರಳು ಕೊಡೋ ಮರ ಆಗಲ್ಲ.

ಹಾಗಂತ ಕಾನೂನೇ ಇಲ್ಲ ಅಂತಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಮರ ಕಡಿಯೋಕೆ ವೃಕ್ಷಾಧಿಕಾರಿಯ ಅನುಮತಿ ಬೇಕು. ಆದರೆ ಕಡಿಯೋಕೆ ಅನುಮತಿ ಕೊಡೋದು ಬೇರೆ, ಇದನ್ನ ಕಡಿಯಲೇಬಾರದು ಅಂತ ಮೊದಲೇ ಗುರುತಿಸಿಡೋದು ಬೇರೆ.

ಗುರುತಿಸಿದ್ರೆ ಏನಾಗುತ್ತೆ ಅನ್ನೋದಕ್ಕೆ ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು ಸಾಕ್ಷಿ. ನೂರಾರು ವರ್ಷದ ಹುಣಸೆ ಮರಗಳಿರೋ ಆ ತೋಪು, 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆಯ್ತು. ಅದು ಇಡೀ ತೋಪಿಗೆ ಸಿಕ್ಕ ರಕ್ಷಣೆ. ರಸ್ತೆ ಬದಿಯ ಒಂಟಿ ಮರಕ್ಕೆ ಅಂಥದ್ದು ಸಿಗೋದು ಕಷ್ಟ. ರಸ್ತೆ ಅಗಲ ಮಾಡುವಾಗ ಅದರ ಮೇಲೆ ಬರೀ ಒಂದು ನಂಬರ್ ಬೀಳುತ್ತೆ, ಅಷ್ಟೇ.

ಗ್ವೇರೆಯಲ್ಲಿ ಕಾನೂನಿಗಿಂತ ಮೊದಲು ಜನರ ಭಕ್ತಿ ಇತ್ತು. ಪ್ರಶ್ಯದಲ್ಲಿ ಕಚೇರಿಗಿಂತ ಮೊದಲು ಪಟ್ಟಿ ಇತ್ತು. ಭಕ್ತಿ ನಮ್ಮ ಅರಳಿಕಟ್ಟೆಗಳಲ್ಲಿ ಬೇಕಾದಷ್ಟಿದೆ. ಪಟ್ಟಿ ನಾವೇ ಶುರು ಮಾಡೋಣ್ವಾ?

👇 ನಿಮ್ಮೂರಿನ ಅತಿ ಹಳೇ ಮರ ಯಾವುದು? ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತ ಟೇಪ್ ಹಿಡಿದು ಅಳೆಯಿರಿ. ಜಾತಿ, ಜಾಗ, ಸುತ್ತಳತೆ ಮೂರನ್ನೂ ಕಾಮೆಂಟಲ್ಲಿ ಹಾಕಿ.

#ಮರಗಳಚರಿತ್ರೆ #ಮಳೆಮರ #ನಲ್ಲೂರುಹುಣಸೆತೋಪು